‘ಇಲ್ಲ’ ಬೇರೆ, ‘ಗೊತ್ತಿಲ್ಲ’ ಬೇರೆ

ಶಿವಗಂಗಮ್ಮ ಮೇಡಂ ಕಂಪ್ಯೂಟರಿನ ಪರದೆಯನ್ನು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನಾವು ವಿದ್ಯಾರ್ಥಿಗಳು ಮೂಗು ತಾಗುವಷ್ಟು ಹತ್ತಿರ ಕೂತು ಅಂಕಿಗಳನ್ನು ಹುಡುಕುತ್ತಿದ್ದರೆ, ಅವರು ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿಯುತ್ತ ಲ್ಯಾಬಿನ ಹೊಸ್ತಿಲ ತನಕ ಹೋಗಿಬಿಡುತ್ತಿದ್ದರು. ಅಲ್ಲಿ ನಿಂತು ಕನ್ನಡಕ ತೆಗೆದು, ಕಣ್ಣು ಕಿರಿದು ಮಾಡಿ, ಗ್ರಾಫಿನ ಮೇಲೆ ಚೆಲ್ಲಿದ ಚುಕ್ಕಿಗಳನ್ನು ಸುಮ್ಮನೆ ನೋಡುತ್ತಿದ್ದರು. ಆಮೇಲೆ ಅಲ್ಲಿಂದಲೇ ತೀರ್ಪು ಬರುತ್ತಿತ್ತು.

“ಬಾಳೆಕಾಯಿ ತರ ಬಗ್ಗೈತೆ ಕಣಮ್ಮ. ನೀನು ಅದರ ಮೇಲೆ ಸ್ಕೇಲ್ ಇಟ್ಟು ನೆಟ್ಟಗೆ ಗೆರೆ ಎಳೀತಾ ಕುಂತಿದ್ದೀಯ.”

ಅಥವಾ, “ಅದೊಂದು ಚುಕ್ಕಿ ಮೂಲೆಗೆ ಹೋಗಿ ಒಬ್ಬಂಟಿ ಕುಂತೈತಲ್ಲ, ಅದೇ ನಿನ್ನ ಗೆರೇನ ತನ್ನ ಕಡೆಗೆ ಎಳ್ಕೊಂಡ್ಬುಟ್ಟೈತೆ. ಅದು ಯಾರು, ಏನು ಅಂತ ವಿಚಾರಿಸ್ಕೊಂಡು ಬಾ.”

ಚುಕ್ಕಿಯನ್ನು ‘ಯಾರು’ ಎಂದು ಕೇಳುವ ಸಂಖ್ಯಾಶಾಸ್ತ್ರದ ಲೆಕ್ಚರರ್ ಅವರೊಬ್ಬರೇ ಇರಬೇಕು.

ನಾನು ಲೇಪಾಕ್ಷಿ ಹತ್ತಿರದ ಹಳ್ಳಿಯವಳು. ದಿನವೂ ಬಸ್ಸಿನಲ್ಲಿ ನಿಂತುಕೊಂಡೇ ಹಿಂದೂಪುರದ ಡಿಗ್ರಿ ಕಾಲೇಜಿಗೆ ಹೋಗುತ್ತಿದ್ದೆ. ಮನೆಯಲ್ಲಿ ಕನ್ನಡ, ಓದಿದ್ದು ತೆಲುಗು ಮೀಡಿಯಂ, ಕಾಲೇಜಿನ ಪುಸ್ತಕವೆಲ್ಲ ಇಂಗ್ಲಿಷು. ಮೇಡಂ ಪಾಠ ಮಾಡುವಾಗ ಈ ಮೂರೂ ಒಂದರೊಳಗೊಂದು ಬೆರೆತು ಬರುತ್ತಿದ್ದವು. ಸೂತ್ರ ಇಂಗ್ಲಿಷಿನಲ್ಲಿ, ವಿವರಣೆ ತೆಲುಗಿನಲ್ಲಿ, ಬೈಗುಳ ಮಾತ್ರ ಕನ್ನಡದಲ್ಲಿ. ನಮ್ಮಂಥ ಕನ್ನಡದ ಮಕ್ಕಳಿಗೆ ಅದೊಂದು ಹೆಮ್ಮೆ. ನಮ್ಮನ್ನು ಬೈದಾಗಲೆಲ್ಲ ಮನೆಯವರು ಬೈದ ಹಾಗೆ ಇರುತ್ತಿತ್ತು.

ಅವರ ತಂದೆಗೆ ಹಿಂದೂಪುರದ ಮಾರ್ಕೆಟ್ಟಿನಲ್ಲಿ ಹುಣಸೆಹಣ್ಣಿನ ಮಂಡಿ ಇತ್ತಂತೆ. ಮೇಡಂ ಓದಿ ಲೆಕ್ಚರರ್ ಆದ ಮೇಲೂ ಮಂಡಿಯ ಮಾತು ಅವರನ್ನು ಬಿಟ್ಟಿರಲಿಲ್ಲ. ಬೆಳಗ್ಗೆ ಸ್ನಾನ ಮಾಡಿ ಹಣೆಗೆ ವಿಭೂತಿ ಇಟ್ಟುಕೊಂಡು, ಇಸ್ತ್ರಿ ಮಾಡಿದ ಹತ್ತಿ ಸೀರೆ ಉಟ್ಟು ಬರುತ್ತಿದ್ದರು. ಮದುವೆಯಾಗಿರಲಿಲ್ಲ. ಅಣ್ಣನ ಮನೆಯ ಮಹಡಿಯ ಮೇಲೆ ಒಂದು ರೂಮು, ಅದರ ತುಂಬ ಪುಸ್ತಕ. ಕೆಳಗಿನಿಂದ ಅತ್ತಿಗೆ ಊಟಕ್ಕೆ ಕರೆದರೆ, “ಬತ್ತೀನಿ ಬತ್ತೀನಿ” ಎನ್ನುತ್ತ ಇನ್ನೊಂದು ಪುಟ ಓದುತ್ತಿದ್ದರೆಂದು ಅವರ ಅಣ್ಣನ ಮಗಳೇ ನಮಗೆ ಹೇಳಿ ನಗುತ್ತಿದ್ದಳು.

ಅವರು ಕಲಿಸುತ್ತಿದ್ದುದು ರಿಗ್ರೆಶನ್. ಒಂದು ಸಂಗತಿ ಬದಲಾದರೆ ಇನ್ನೊಂದು ಎಷ್ಟು ಬದಲಾಗುತ್ತದೆ ಎಂಬುದನ್ನು, ಚುಕ್ಕಿಗಳ ನಡುವೆ ಒಂದು ಗೆರೆ ಎಳೆದು ಅಂದಾಜು ಮಾಡುವ ವಿದ್ಯೆ ಅದು. ಗೆರೆ ಎಳೆದ ಮೇಲೆ ಎರಡು ಪ್ರಶ್ನೆ ಹುಟ್ಟುತ್ತವೆ. ಗೆರೆ ಚುಕ್ಕಿಗಳಿಗೆ ಎಷ್ಟು ಚೆನ್ನಾಗಿ ಹೊಂದಿದೆ? ಇದನ್ನು ಹೇಳುವ ಅಂಕಿಗೆ ಆರ್-ಸ್ಕ್ವೇರ್ ಎನ್ನುತ್ತಾರೆ; ಸೊನ್ನೆಯಿಂದ ಒಂದರ ತನಕ ಇರುತ್ತದೆ. ಎರಡನೆಯದು, ನಾವು ಕಂಡ ಸಂಬಂಧ ನಿಜವಾದದ್ದೋ, ಆಕಸ್ಮಿಕವಾಗಿ ಕಂಡದ್ದೋ? ಅದಕ್ಕೆ ಪಿ-ವ್ಯಾಲ್ಯೂ ಎಂಬ ಇನ್ನೊಂದು ಅಂಕಿ. ಪರೀಕ್ಷೆಗೆ ನಾವೆಲ್ಲ ಬಾಯಿಪಾಠ ಮಾಡಿಕೊಂಡದ್ದು ಇಷ್ಟೇ: ಆರ್-ಸ್ಕ್ವೇರ್ ದೊಡ್ಡದಿದ್ದರೆ ಒಳ್ಳೆಯದು, ಪಿ ಚಿಕ್ಕದಿದ್ದರೆ ಒಳ್ಳೆಯದು. ಈ ಬಾಯಿಪಾಠವನ್ನು ನಮ್ಮ ತಲೆಯಿಂದ ಕಿತ್ತು ಹಾಕುವುದೇ ಮೇಡಂ ಬದುಕಿನ ಕೆಲಸವಾಗಿತ್ತು.

ಕೊನೆಯ ವರ್ಷದಲ್ಲಿ ನನ್ನ ಗೆಳತಿ ಸುಜಾತ ರೇಷ್ಮೆಗೂಡಿನ ದರದ ಮೇಲೆ ಪ್ರಾಜೆಕ್ಟ್ ಮಾಡಿದಳು. ಹಿಂದೂಪುರದ ಗೂಡಿನ ಮಾರ್ಕೆಟ್ಟು ಅವಳ ಮನೆಗೆ ಹತ್ತಿರ. ಅಲ್ಲಿಂದ ಕೆಲವು ದಿನಗಳ ದರ ಬರೆದುಕೊಂಡು ಬಂದು, ಅದಕ್ಕೆ ಮಳೆ, ಬಿಸಿಲು, ಗೂಡಿನ ತೂಕ, ಬಂದ ರೈತರ ಸಂಖ್ಯೆ, ವಾರದ ದಿನ, ಹೀಗೆ ಸಿಕ್ಕಿದ್ದೆಲ್ಲವನ್ನೂ ಸೇರಿಸಿದ್ದಳು. ಆರ್-ಸ್ಕ್ವೇರ್ ಒಂದಕ್ಕೆ ತಾಗುವಷ್ಟು ಹತ್ತಿರ ಬಂದಿತ್ತು. ಅವಳು ಕುಣಿಯುವುದೊಂದು ಬಾಕಿ. ನಾವೆಲ್ಲ ಅಸೂಯೆಯಿಂದ ನೋಡಿದೆವು.

ಮೇಡಂ ಬಾಗಿಲಿಗೆ ಹೋಗಲೇ ಇಲ್ಲ. ನಗುತ್ತ ನಮ್ಮ ಕಡೆ ತಿರುಗಿ, “ನಿಮ್ಮಲ್ಲಿ ಬಸ್ಸಲ್ಲಿ ಬಂದೋರು ಯಾರ್ಯಾರು? ಇವತ್ತಿನ ಟಿಕೆಟ್ ಇದ್ರೆ ಕೊಡಿ” ಎಂದರು.

ನಾವು ಬ್ಯಾಗು, ಪರ್ಸು, ಜಾಮಿಟ್ರಿ ಬಾಕ್ಸು ತಡಕಿ ಮುದುರಿದ ಟಿಕೆಟುಗಳನ್ನು ಮೇಜಿನ ಮೇಲೆ ಹಾಕಿದೆವು. ಯಾರೋ ಹಳೆಯವನ್ನೂ ಕೊಟ್ಟರು. “ಸುಜಾತ, ಈ ಟಿಕೆಟ್ಟಿನ ಕೊನೇ ಅಂಕಿಗಳನ್ನ ಇನ್ನೊಂದು ಸಾಲಾಗಿ ಹಾಕಮ್ಮ. ಹಾಕಿ ಮತ್ತೆ ಓಡ್ಸು.”

ಅವಳು ಹಾಕಿದಳು. ಆರ್-ಸ್ಕ್ವೇರ್ ಇನ್ನೂ ಸ್ವಲ್ಪ ಮೇಲೇರಿತು. ತರಗತಿಯಲ್ಲಿ ನಗು ಶುರುವಾಯಿತು, ಸುಜಾತಳೂ ಸೇರಿದಳು.

“ನೋಡ್ದ್ಯಾ? ಲೇಪಾಕ್ಷಿ ಬಸ್ಸಿನ ಟಿಕೆಟ್ ನಂಬರ್ರಿಂದ ರೇಷ್ಮೆಗೂಡಿನ ರೇಟು ಗೊತ್ತಾಗೋ ಹಂಗಾಯ್ತು” ಎಂದರು ಮೇಡಂ. “ಚುಕ್ಕಿ ಕಮ್ಮಿ, ಕಾರಣ ಜಾಸ್ತಿ. ಏನು ತುಂಬಿದ್ರೂ ಈ ಅಂಕಿ ಏರ್ತದೆ ಹೊರ್ತು ಇಳಿಯಾಕಿಲ್ಲ. ನಿನ್ನ ಗೆರೆ ಹೋದ ತಿಂಗಳ ರೇಟನ್ನ ಉರು ಹೊಡೆದೈತೆ ಕಣಮ್ಮ. ಬರೋ ವಾರದ ರೇಟು ಕೇಳು, ಬೆಬ್ಬೆಬ್ಬೆ ಅಂತದೆ.”

ಸುಜಾತಳ ಮುಖ ಸಪ್ಪಗಾದದ್ದು ಕಂಡು ಅವಳ ಪಕ್ಕ ಕೂತರು. ಆ ಮಧ್ಯಾಹ್ನವೆಲ್ಲ ಇಬ್ಬರೂ ಸೇರಿ ಒಂದೊಂದೇ ಕಾರಣ ತೆಗೆದು, ಯಾವುದಕ್ಕೆ ಅರ್ಥವಿದೆ ಎಂದು ಯೋಚಿಸಿ, ಕೊನೆಗೆ ಎರಡನ್ನು ಉಳಿಸಿಕೊಂಡರು. ಆರ್-ಸ್ಕ್ವೇರ್ ಅರ್ಧಕ್ಕೂ ಕೆಳಗೆ ಇಳಿದಿತ್ತು. ಆದರೆ ಮುಂದಿನ ವಾರದ ದರವನ್ನು ಆ ಗೆರೆಯಿಂದ ಅಂದಾಜು ಮಾಡಿದಾಗ ಅದು ನಿಜಕ್ಕೆ ಸಾಕಷ್ಟು ಹತ್ತಿರ ಬಂತು. ಸುಜಾತ ಈಗ ಬ್ಯಾಂಕಿನಲ್ಲಿದ್ದಾಳೆ. ಯಾರಾದರೂ ತುಂಬ ಚೆಂದದ ಅಂಕಿ ತೋರಿಸಿದರೆ “ಬಸ್ ಟಿಕೆಟ್ ಹಾಕಿದ್ದೀರಾ ಸಾರ್?” ಎಂದು ಕೇಳುತ್ತಾಳಂತೆ. ಅವರಿಗೆ ಅರ್ಥವಾಗುವುದಿಲ್ಲ.

ಪಿ-ವ್ಯಾಲ್ಯೂ ವಿಷಯ ಬಂದಾಗ ಮೇಡಂ ಮಂಡಿಗೆ ಹೋಗುತ್ತಿದ್ದರು. “ಒಂದು ಮೂಟೆ ಹುಣಸೆಹಣ್ಣು ಬಂದೈತೆ. ಮಾಲು ಚೊಕ್ಕಟವಾಗೇ ಐತೆ ಅಂತ ಮೊದ್ಲು ಅಂದ್ಕೋ. ಕೈ ಹಾಕಿ ಒಂದು ಹಿಡಿ ತಗ್ದೆ. ಅದ್ರಲ್ಲಿ ಕಲ್ಲು ಕಡ್ಡಿ ಬಂತು. ಚೊಕ್ಕಟ ಮೂಟೇಲಿ ಇಷ್ಟು ಕಲ್ಲು ಕೈಗೆ ಸಿಕ್ಕೋದು ಎಷ್ಟು ಅಪರೂಪ? ಬೋ ಅಪರೂಪ ಅಂದ್ರೆ ಮೂಟೆ ಮೇಲೆ ಅನುಮಾನ ಪಡು. ಅಪರೂಪ ಅಲ್ಲ ಅಂದ್ರೆ?”

“ಮೂಟೆ ಚೊಕ್ಕಟ ಅಂತ ಅರ್ಥ, ಮೇಡಂ” ಎಂದೆ ನಾನು.

“ಅಲ್ಲೇ ನೀನು ಕೆಟ್ಟೆ! ಒಂದೇ ಹಿಡಿ ನೋಡಿ ಸರ್ಟಿಫಿಕೇಟ್ ಕೊಡ್ತೀಯಾ? ಇನ್ನೂ ಗೊತ್ತಾಗಿಲ್ಲ ಅನ್ನು. ಲೇದು ವೇರು, ತೆಲೀದು ವೇರು. ಇಲ್ಲ ಬೇರೆ, ಗೊತ್ತಿಲ್ಲ ಬೇರೆ.”

ಈ ಮಾತನ್ನು ಅವರು ಎಷ್ಟು ಸಲ ಹೇಳಿದರೋ. ಹಿಂದಿನ ಬೆಂಚಿನವರು ಅವರು ಬಾಯಿ ತೆರೆಯುವ ಮೊದಲೇ ಹೇಳಿಬಿಡುತ್ತಿದ್ದರು. ಅದರ ತೂಕ ನನಗೆ ತಿಳಿದದ್ದು ಮಾತ್ರ ಕೆಲವು ವರ್ಷಗಳ ಮೇಲೆ, ಕಲ್ಯಾಣದುರ್ಗದಲ್ಲಿ.

ಎಂಎಸ್ಸಿ ಮುಗಿಸಿದ ಮೇಲೆ ನನಗೆ ಕಲ್ಯಾಣದುರ್ಗದ ಒಂದು ಸಣ್ಣ ಸಂಸ್ಥೆಯಲ್ಲಿ ಅಂಕಿ-ಅಂಶ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಸೆಟ್ಟೂರಿನ ಕಡೆಯ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ ಎಷ್ಟೋ ಮನೆಯವರು ಕೂಲಿಗಾಗಿ ಹೊರಡುತ್ತಾರೆ. ಮಕ್ಕಳನ್ನೂ ಕರೆದುಕೊಂಡು ಹೋದರೆ ಆ ವರ್ಷದ ಸ್ಕೂಲು ಹೋದ ಹಾಗೆಯೇ. ಅದಕ್ಕೆ ನಮ್ಮ ಸಂಸ್ಥೆ, ಅಪ್ಪ ಅಮ್ಮ ವಾಪಸು ಬರುವ ತನಕ ಮಕ್ಕಳು ಊರಿನಲ್ಲೇ ಉಳಿಯಲು ಸ್ಕೂಲಿನ ಪಕ್ಕದಲ್ಲಿ ಸಣ್ಣ ಹಾಸ್ಟೆಲುಗಳನ್ನು ನಡೆಸುತ್ತಿತ್ತು. ಇದನ್ನು ಕಟ್ಟಿದವರು ಪ್ರಭಾಕರ್ ಸಾರ್. ಬಿಸಿಲಲ್ಲಿ ಬೈಕಿನ ಮೇಲೆ ತಿರುಗಿ ತಿರುಗಿ ಮುಖ ಸುಟ್ಟುಕೊಂಡಿದ್ದ, ಒರಟು ಮಾತಿನ, ಮೆತ್ತಗಿನ ಮನಸ್ಸಿನ ಮನುಷ್ಯ.

ಹಣ ಕೊಡುತ್ತಿದ್ದ ದಾನಿಗಳು ಒಂದು ದಿನ ಕೇಳಿದರು: ಈ ಹಾಸ್ಟೆಲುಗಳಿಂದ ಪ್ರಯೋಜನ ಆಗಿದೆಯೇ? ಲೆಕ್ಕ ತೋರಿಸಿ. ಹಾಸ್ಟೆಲಿದ್ದ ಊರು, ಇಲ್ಲದ ಊರು, ಎರಡೂ ಕಡೆಯ ಮಕ್ಕಳ ಹಾಜರಿಯನ್ನು ಸೇರಿಸಿ ನಾನು ರಿಗ್ರೆಶನ್ ಮಾಡಿದೆ. ಹಾಸ್ಟೆಲಿದ್ದ ಕಡೆ ಮಕ್ಕಳು ಹೆಚ್ಚು ದಿನ ಬಂದಿದ್ದರು, ನಿಜ. ಆದರೆ ಪಿ-ವ್ಯಾಲ್ಯೂ ಎಲ್ಲರೂ ಒಪ್ಪುವ ನೂರಕ್ಕೆ ಐದರ ಗೆರೆಗಿಂತ ಸ್ವಲ್ಪ ಮೇಲೇ ಉಳಿಯಿತು. ಆರ್-ಸ್ಕ್ವೇರ್ ಅಂತೂ ತೀರ ಚಿಕ್ಕದು. ದಾನಿಗಳ ಕಡೆಯ ಅಧಿಕಾರಿ ಅದನ್ನು ನೋಡಿ, ‘ಹಾಸ್ಟೆಲುಗಳಿಂದ ಪರಿಣಾಮವಿಲ್ಲ’ ಎಂದು ಕರಡು ವರದಿ ಬರೆದು ಕಳಿಸಿದರು. ಮುಂದಿನ ವಾರ ಮೀಟಿಂಗು. ಅಲ್ಲಿ ಇದು ಅಂಗೀಕಾರವಾದರೆ ಬಾಗಿಲು ಹಾಕಬೇಕು.

ಪ್ರಭಾಕರ್ ಸಾರ್ ನನ್ನ ಮೇಜಿನ ಮುಂದೆ ಕುರ್ಚಿ ಎಳೆದುಕೊಂಡರು. “ಆ ಎರಡು ಊರಲ್ಲಿ ಹಾಸ್ಟೆಲ್ಲು ಸರಿಯಾಗಿ ನಡೀಲೇ ಇಲ್ಲಮ್ಮ. ಅವನ್ನ ತಗ್ದುಬಿಟ್ಟು ನೋಡು.”

ತೆಗೆದು ನೋಡಿದೆ. ಪಿ-ವ್ಯಾಲ್ಯೂ ಗೆರೆಯ ಕೆಳಗೆ ಇಳಿಯಿತು. ಸಾರ್ ಮುಖ ಅರಳಿತು. “ಇದನ್ನೇ ಕಳ್ಸೋಣ” ಎಂದರು. ನನಗೆ ಖುಷಿಯಾಗಬೇಕಿತ್ತು, ಆಗಲಿಲ್ಲ. ಹೊರಗೆ ಬಂದು ಮೇಡಂಗೆ ಫೋನ್ ಮಾಡಿದೆ. ಅವರು ಆಗ ನಿವೃತ್ತರಾಗಿ ವರ್ಷವಾಗಿತ್ತು.

ಎಲ್ಲ ಕೇಳಿ, “ಆ ಎರಡು ಊರಿನ ಲೆಕ್ಕ ತಪ್ಪಾ?” ಎಂದರು.

“ಇಲ್ಲ ಮೇಡಂ, ಸರಿಯಾಗೇ ಇದೆ.”

“ಮತ್ತೆ ಏನ್ಕೆ ತಗ್ದೆ? ಬೇಡದ ಉತ್ತರ ಕೊಟ್ವು ಅಂತಾನಾ?” ಹೌದೆಂದು ಒಪ್ಪಿಕೊಂಡೆ. “ಸರ್ಲೇ. ನಾಳೆ ಬತ್ತೀನಿ. ಆ ಊರುಗಳ್ನ ನಾನು ನೋಡ್ಬೇಕು.”

ರೊದ್ದಂ ಮೇಲೆ ಪಾವಗಡಕ್ಕೆ ಬಂದು, ಅಲ್ಲಿ ಬಸ್ಸು ಬದಲಾಯಿಸಿ, ಕೈಚೀಲದಲ್ಲಿ ಚಟ್ನಿಪುಡಿ ಹಾಕಿಕೊಂಡು ಮೇಡಂ ಬಂದಿಳಿದರು. ಆಫೀಸಿನಲ್ಲಿ ಚುಕ್ಕಿಗಳನ್ನು ಬಾಗಿಲಿನಿಂದ ನೋಡಿದರು. “ನಡಿ” ಎಂದರು. ಪ್ರಭಾಕರ್ ಸಾರ್ ತಾವೇ ಜೀಪು ತೆಗೆದರು.

ಮೊದಲು ಹೋದದ್ದು ಲೆಕ್ಕದಿಂದ ತೆಗೆದಿದ್ದ ಊರುಗಳಲ್ಲಿ ಒಂದಕ್ಕೆ. ಅಲ್ಲಿ ಹಾಸ್ಟೆಲ್ ನೋಡಿಕೊಳ್ಳುತ್ತಿದ್ದಾತ ಸಂಜೆ ಊಟ ಬಡಿಸಿ, ಅಡುಗೆಮನೆಗೆ ಬೀಗ ಹಾಕಿಕೊಂಡು ಮನೆಗೆ ಹೋಗುತ್ತಿದ್ದನಂತೆ. ಮಕ್ಕಳು ಹೆದರಿ ಯಾರ್ಯಾರದೋ ಮನೆ ಸೇರಿಕೊಂಡವು. ಕೆಲವನ್ನು ಅಪ್ಪ ಅಮ್ಮನೇ ಬಂದು ಕರೆದುಕೊಂಡು ಹೋದರು. ಎರಡನೆಯ ಊರಿನ ಕತೆಯೂ ಹೆಚ್ಚು ಕಡಿಮೆ ಅದೇ.

ಆಮೇಲೆ ಚೆನ್ನಾಗಿ ನಡೆಯುತ್ತಿದ್ದ ಒಂದು ಹಾಸ್ಟೆಲಿಗೆ ಹೋದೆವು. ಅಲ್ಲಿ ಅಡುಗೆ ಮಾಡುತ್ತಿದ್ದವಳು ಹನುಮಕ್ಕ. ಗಂಡ ತೀರಿಕೊಂಡವಳು, ಹಾಸ್ಟೆಲಿನಲ್ಲೇ ವಾಸ. ಮೇಡಂ ಅವಳ ಜೊತೆ ಕಟ್ಟೆಯ ಮೇಲೆ ಕೂತು, “ನಿಮ್ಮಲ್ಲಿ ಮಕ್ಳು ಹೆಂಗೆ ನಿಂತವೆ ಹನುಮಕ್ಕ?” ಎಂದು ಕೇಳಿದರು.

“ನನ್ನ ಉಗ್ಗಾಣಿ ಕಣಮ್ಮ!” ಎಂದಳು ಅವಳು ತಡಮಾಡದೆ. “ಬೆಳಿಗ್ಗೆ ಮಂಡಕ್ಕಿ ನೆನೆಸಿ, ಈರುಳ್ಳಿ ಹಾಕಿ, ಹುರಿಗಡಲೆ ಪುಡಿ ಉದುರ್ಸಿ ಕೊಡ್ತೀನಿ. ತಿಂದ ಮಗು ಎಲ್ಲಿಗೋದಾತು?”

“ಅದು ಸರಿ. ರಾತ್ರಿ?”

“ರಾತ್ರಿ ಏನಮ್ಮ, ನಾನು ಮಧ್ಯೆ ಮಲಿಕ್ಕಂತೀನಿ. ಸಣ್ಣವು ಎದ್ದು ಅಮ್ಮ ಅಂತವೆ. ತಟ್ಟಿದ್ರೆ ಮಲಿಕ್ಕಂತವೆ. ಅಷ್ಟೇಯ.” ಅದು ಹೇಳಬೇಕಾದ ವಿಷಯ ಎಂದೇ ಅವಳಿಗೆ ಅನ್ನಿಸಿರಲಿಲ್ಲ. ಮತ್ತೆ ಉಗ್ಗಾಣಿಗೆ ವಾಪಸು ಹೋದಳು. ನಮಗೂ ತಿನ್ನಿಸಿಯೇ ಕಳಿಸಿದಳು.

ಜೀಪಿನಲ್ಲಿ ಬರುವಾಗ ನಾವು ಊರೂರನ್ನೂ ನೆನೆಸಿಕೊಂಡೆವು. ಚೆನ್ನಾಗಿ ನಡೆದ ಕಡೆಯೆಲ್ಲ ರಾತ್ರಿ ಒಬ್ಬ ಹೆಂಗಸು ಮಕ್ಕಳ ಜೊತೆ ಇದ್ದಳು. ಸೋತ ಕಡೆ ಇರಲಿಲ್ಲ. ಪ್ರಭಾಕರ್ ಸಾರ್ ಸ್ಟೇರಿಂಗ್ ಮೇಲೆ ಕೈ ಬಡಿದರು. “ಸಿಕ್ತು ಮೇಡಂ! ಹೆಂಗಸು ಇದ್ದ ಕಡೆ ಹಾಸ್ಟೆಲ್ಲು ಕೆಲ್ಸ ಮಾಡೈತೆ ಅಂತ ಬರೆಯಾಣ. ಲೆಕ್ಕಾನೂ ಬತ್ತದೆ.”

“ಬತ್ತದೆ” ಎಂದರು ಮೇಡಂ. “ಆದ್ರೆ ಅದು ಈ ವರ್ಷದ ಉತ್ತರ ಅಲ್ಲಪ್ಪ, ಬರೋ ವರ್ಷದ ಪ್ರಶ್ನೆ. ಗೆದ್ದೋರು ಸೋತೋರು ಯಾರು ಅಂತ ನೋಡ್ಕೊಂಡ್ಮೇಲೆ ಕಾರಣ ಹುಡುಕಿದ್ದೀವಿ. ಹಂಗೆ ಹುಡುಕಿದ್ರೆ ಏನೋ ಒಂದು ಸಿಕ್ಕೇ ಸಿಗ್ತದೆ. ಹನುಮಕ್ಕನ ಉಗ್ಗಾಣೀನೂ ಸಿಗ್ತದೆ. ಯಾವ ಲೆಕ್ಕದಿಂದ ಅನುಮಾನ ಹುಟ್ಟಿತೋ ಅದೇ ಲೆಕ್ಕಾನ ಸಾಕ್ಷಿಗೆ ಕರೆಯಾಕಾಗಲ್ಲ.”

ಸಾರ್ ಜೀಪು ನಿಲ್ಲಿಸಿಬಿಟ್ಟರು. ರಸ್ತೆಯ ಎರಡೂ ಕಡೆ ಕಡಲೆಕಾಯಿ ಕಿತ್ತ ಬೋಳು ಹೊಲ. “ಮೇಡಂ, ನೀವು ನಾಳೆ ಹಿಂದೂಪುರಕ್ಕೆ ಹೋಯ್ತೀರಿ. ಈ ಮಕ್ಳು ಎಲ್ಲಿಗೆ ಹೋಯ್ತವೆ? ನಿಮ್ಮ ನಿಯಮಕ್ಕೆ ಇವು ಸ್ಕೂಲು ಬಿಡ್ಬೇಕಾ?”

ಮೇಡಂ ಮುಖ ಕೆಂಪಾದದ್ದನ್ನು ನಾನು ಮೊದಲ ಸಲ ನೋಡಿದೆ. ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು. “ನನಗೂ ಹಾಸ್ಟೆಲ್ಲು ಉಳೀಬೇಕು ಪ್ರಭಾಕರ್” ಎಂದರು ಮೆಲ್ಲಗೆ. “ಆದ್ರೆ ಯಾರೋ ಒಬ್ರು ಕುಂತು ಇದನ್ನ ಮತ್ತೆ ಲೆಕ್ಕ ಹಾಕಿ, ಎರಡು ಊರು ಬಿಟ್ಟಿದ್ದಾರೆ ಅಂತ ಕಂಡುಹಿಡಿದ್ರೆ? ಆಮೇಲೆ ನೀವು ನಿಜ ಹೇಳಿದ್ರೂ ನಂಬಾಕಿಲ್ಲ. ಈ ಕಡೆ ತಿರುಗಿ ನೋಡಾಕೂ ಇಲ್ಲ.”

ಸಾರ್ ಮತ್ತೆ ಜೀಪು ಸ್ಟಾರ್ಟ್ ಮಾಡಿದರು. ಆ ದಿನ ಮೇಡಂ ಸರಿಯಾಗಿ ಊಟವನ್ನೂ ಮಾಡಲಿಲ್ಲ.

ಮೀಟಿಂಗಿನ ದಿನದ ತನಕ ಅವರು ಕಲ್ಯಾಣದುರ್ಗದಲ್ಲೇ, ನನ್ನ ಬಾಡಿಗೆ ರೂಮಿನಲ್ಲೇ ಉಳಿದರು. ಅಧಿಕಾರಿ ವಯಸ್ಸಿನಲ್ಲಿ ನನಗಿಂತ ಸ್ವಲ್ಪ ದೊಡ್ಡವರು, ಮರ್ಯಾದಸ್ತರು, ತೆಲುಗು-ಇಂಗ್ಲಿಷಿನಲ್ಲಿ ಮಾತಾಡುವವರು. ಪಿ-ವ್ಯಾಲ್ಯೂ ಸಿಗ್ನಿಫಿಕೆಂಟ್ ಅಲ್ಲ, ಆರ್-ಸ್ಕ್ವೇರ್ ಕೂಡ ಬಹಳ ಕಡಿಮೆ, ಹಾಗಾಗಿ ಮುಂದುವರಿಸುವುದು ಕಷ್ಟ ಎಂದರು. ಪ್ರಭಾಕರ್ ಸಾರ್ ತಲೆ ತಗ್ಗಿಸಿ ಕೂತಿದ್ದರು.

ಮೇಡಂ ಎದ್ದು ನಿಂತು ತೆಲುಗಿನಲ್ಲೇ ಮಾತಾಡಿದರು; ನಮ್ಮ ಮಾತಿನಲ್ಲಿ ಹೇಳುವುದಾದರೆ ಹೀಗೆ: “ಮೊದ್ಲು ಒಂದು ವಿಷಯ ಹೇಳಿಬಿಡ್ತೀನಿ. ನಾವು ಎರಡು ಊರು ತಗ್ದು ನೋಡಿದ್ವಿ. ತಗ್ದ್ರೆ ನಿಮ್ಮ ಗೆರೆ ದಾಟ್ತದೆ. ಆದ್ರೆ ತೆಗೆಯೋಕೆ ನಮಗೆ ಹಕ್ಕಿಲ್ಲ. ಅದಕ್ಕೆ ಹಾಗೇ ಇಟ್ಟಿದ್ದೀವಿ.”

ಅಧಿಕಾರಿ ಪೆನ್ನು ಕೆಳಗಿಟ್ಟರು.

“ಇನ್ನು ಆರ್-ಸ್ಕ್ವೇರ್. ಒಂದು ಮಗು ಸ್ಕೂಲಿಗೆ ಬರೋದು ಬಿಡೋದಕ್ಕೆ ನೂರೆಂಟು ಕಾರಣ ಇರ್ತವೆ. ಜ್ವರ ಬತ್ತದೆ, ತಮ್ಮ ಹುಟ್ತಾನೆ, ಮೇಷ್ಟ್ರು ಗದರ್ತಾರೆ. ಎಲ್ಲಾನೂ ಒಂದು ಹಾಸ್ಟೆಲ್ಲು ಹೇಳಾಕಾಯ್ತದಾ? ಈ ಅಂಕಿ ಚಿಕ್ಕದು ಅಂದ್ರೆ, ಇಂಥಾ ಮಗು ಇಷ್ಟೇ ದಿನ ಬತ್ತದೆ ಅಂತ ನಾವು ಭವಿಷ್ಯ ನುಡಿಯಾಕಾಗಲ್ಲ ಅಂತ. ಹಾಸ್ಟೆಲ್ಲಿಂದ ಏನೂ ಆಗಿಲ್ಲ ಅಂತ ಅಲ್ಲ. ಅವೆರಡೂ ಬೇರೆ ಬೇರೆ ಪ್ರಶ್ನೆ.”

ಆಮೇಲೆ ಬೋರ್ಡಿನ ಮೇಲೆ ಒಂದು ಅಡ್ಡಗೆರೆ ಎಳೆದರು. ನಮ್ಮ ಅಂಕಿಗಳಿಗೆ ಹೊಂದುವ ಪರಿಣಾಮ ಎಲ್ಲಿಂದ ಎಲ್ಲಿಯ ತನಕ ಇರಬಹುದು ಎಂದು ಅದರ ಮೇಲೆ ತೋರಿಸಿದರು. ಒಂದು ತುದಿ ಸೊನ್ನೆಗಿಂತ ಸ್ವಲ್ಪ ಎಡಕ್ಕೆ. ಇನ್ನೊಂದು ತುದಿ ಬಲಕ್ಕೆ ಬಹಳ ದೂರ. ಅಲ್ಲಿಗೆ ಮುಟ್ಟಿದರೆ ಮಕ್ಕಳ ಅರ್ಧ ವರ್ಷವೇ ಉಳಿದ ಹಾಗೆ. “ಏನೂ ಇಲ್ದೇ ಇರಬಹುದು. ತುಂಬಾ ಇರಬಹುದು. ಊರು ಕಮ್ಮಿ ಇದ್ವು, ಅದಕ್ಕೆ ಅಂದಾಜು ಇಷ್ಟು ಅಗಲ. ಇದನ್ನ ನೋಡಿ ‘ಪರಿಣಾಮ ಇಲ್ಲ’ ಅಂತ ಹೆಂಗೆ ಬರೀತೀರಿ ಸಾರ್? ‘ಇನ್ನೂ ಗೊತ್ತಿಲ್ಲ’ ಅಂತ ಬರೀರಿ. ನಮಗೆ ಅಷ್ಟೇ ಸಾಕು.”

ಅಧಿಕಾರಿ ಪೆನ್ನು ಎತ್ತಿಕೊಂಡು ಆ ಅಡ್ಡಗೆರೆಯನ್ನು ತಮ್ಮ ಕರಡಿನ ಮೇಲೆ ಎಳೆದುಕೊಂಡರು. “ಎರಡು ಊರಿನ ವಿಷಯ ನೀವು ಹೇಳದೆ ಇದ್ದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ ಮೇಡಂ” ಎಂದರು.

“ನಿಮಗೆ ಗೊತ್ತಾಗಾಕಿಲ್ಲ. ನಮಗೆ ಗೊತ್ತಿರ್ತದಲ್ಲ.”

ಅಧಿಕಾರಿ ನಕ್ಕರು. ಗೊತ್ತಾಗಬೇಕಾದರೆ ಏನು ಮಾಡಬೇಕು ಎಂದು ಅವರೇ ಕೇಳಿದರು. ಹನುಮಕ್ಕನಂಥ ಒಬ್ಬ ಹೆಂಗಸು ರಾತ್ರಿ ಇರುವುದೇ ಮುಖ್ಯ ಎಂಬ ಅನುಮಾನ ನಮಗಿದೆ, ಆದರೆ ಅಂಥವರಿಲ್ಲದ ಎಲ್ಲ ಊರಿಗೂ ಒಂದೇ ವರ್ಷದಲ್ಲಿ ಅಂಥವರನ್ನು ನೇಮಿಸುವ ಶಕ್ತಿ ಸಂಸ್ಥೆಗಿಲ್ಲ ಎಂದರು ಮೇಡಂ. ಹಾಗಾದರೆ ಯಾವ ಊರಿಗೆ ಮೊದಲು ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸೋಣ. ಯಾರ ಇಷ್ಟಕ್ಕೂ ಬಿಡುವುದು ಬೇಡ. ಇನ್ನಷ್ಟು ಊರು ಸೇರಿಸೋಣ. ಏನನ್ನು ಅಳೆಯುತ್ತೇವೆ, ಹೇಗೆ ಅಳೆಯುತ್ತೇವೆ ಎಂಬುದನ್ನು ಇವತ್ತೇ ಬರೆದು ಎಲ್ಲರೂ ಸಹಿ ಹಾಕೋಣ, ಆಮೇಲೆ ಬದಲಾಯಿಸುವ ಹಾಗಿಲ್ಲ. ಒಂದು ವರ್ಷ ಕೊಡಿ.

ಅಧಿಕಾರಿ ಒಪ್ಪಿದರು. ಹೊರಗೆ ಬಂದ ಮೇಲೆ ಪ್ರಭಾಕರ್ ಸಾರ್ ಮೇಡಂ ಕೈಚೀಲ ತೆಗೆದುಕೊಂಡು ಬಸ್ ಸ್ಟ್ಯಾಂಡಿನ ತನಕ ತಾವೇ ಹೊತ್ತು ನಡೆದರು.

ಆ ಒಂದು ವರ್ಷ ನಾನು ಪಟ್ಟ ತಳಮಳ ನನಗೇ ಗೊತ್ತು. ಸ್ಕೂಲಿನ ವರ್ಷ ಮುಗಿದು, ಅಂಕಿಗಳೆಲ್ಲ ಬಂದು, ಬಟನ್ ಒತ್ತುವ ದಿನ ಮೇಡಂಗೆ ಫೋನ್ ಮಾಡಿ ಸ್ಪೀಕರಿನಲ್ಲಿ ಇಟ್ಟುಕೊಂಡೆ. ಉತ್ತರ ಪರದೆಯ ಮೇಲೆ ಬಂತು. “ಮೇಡಂ, ಪಿ-ವ್ಯಾಲ್ಯೂ...” ಎಂದು ಶುರುಮಾಡಿದೆ.

“ಪಿ ಆಮೇಲೆ. ಮಗು ಎಷ್ಟು ದಿನ ಜಾಸ್ತಿ ಬಂತು? ಅದು ಹೇಳು.”

“ಹೆಂಗಸು ಜೊತೆಗಿದ್ದ ಹಾಸ್ಟೆಲಲ್ಲಿ ಸುಮಾರು ಮೂರು ವಾರ ಜಾಸ್ತಿ, ಮೇಡಂ.”

“ಅಂದಾಜು ಎಲ್ಲಿಂದ ಎಲ್ಲಿಗಂಟ?”

“ಕಮ್ಮಿ ಅಂದ್ರೂ ಒಂದು ವಾರ. ಹೆಚ್ಚು ಅಂದ್ರೆ ಐದು.”

ಫೋನಿನಲ್ಲಿ ಉಸಿರು ಬಿಟ್ಟದ್ದು ಕೇಳಿಸಿತು. ಈ ಸಲ ಸೊನ್ನೆ ಅಂದಾಜಿನ ಹೊರಗೆ ಉಳಿದಿತ್ತು. ಪ್ರಭಾಕರ್ ಸಾರ್ ಕನಸು ಕಂಡಷ್ಟು ದೊಡ್ಡದಲ್ಲ, ಆದರೆ ಯಾರು ಬೇಕಾದರೂ ಮತ್ತೆ ಲೆಕ್ಕ ಹಾಕಿ ನೋಡಬಹುದಾದ ಮೂರು ವಾರ. ಆರ್-ಸ್ಕ್ವೇರ್ ಆಗಲೂ ಕೆಳಗೇ ಇತ್ತು. ಅದನ್ನು ಯಾರೂ ಕೇಳಲಿಲ್ಲ. ಹಾಸ್ಟೆಲುಗಳು ಉಳಿದವು. ಆ ವರ್ಷ ಚೀಟಿಯಲ್ಲಿ ಬಾರದ ಊರುಗಳಿಗೂ ಮುಂದಿನ ಹಂಗಾಮಿಗೆ ಒಬ್ಬೊಬ್ಬ ಹೆಂಗಸನ್ನು ನೇಮಿಸಲು ಮಂಜೂರಾಯಿತು.

ಮೇಡಂ ಈಗಿಲ್ಲ. ಕಳೆದ ಬೇಸಿಗೆಯಲ್ಲಿ, ಅಣ್ಣನ ಮನೆಯ ಮಹಡಿಯಲ್ಲಿ, ಮಧ್ಯಾಹ್ನ ಓದುತ್ತ ಮಲಗಿದವರು ಏಳಲಿಲ್ಲ. ನಾನು ಅವರನ್ನು ಕಡೆಯ ಸಲ ನೋಡಿದ್ದು ಅದಕ್ಕೆ ಕೆಲವು ತಿಂಗಳ ಹಿಂದೆ, ಸೆಟ್ಟೂರು ಕಡೆಯ ಒಂದು ಹಳ್ಳಿಯಲ್ಲಿ, ಹಾಸ್ಟೆಲ್ ತೆರೆದ ದಿನ.

ಕರೆಯದೆಯೇ ಬಂದಿದ್ದರು. ಸ್ಕೂಲಿನ ಅಂಗಳದ ಒಂದು ಕಡೆ ಮಕ್ಕಳು, ಬಕೆಟ್ಟು, ಹಾಸಿಗೆ ಸುತ್ತು; ಇನ್ನೊಂದು ಕಡೆ ಬೆಂಗಳೂರಿಗೆ ಹೊರಟ ಟೆಂಪೋ ಹಾರನ್ ಹೊಡೆಯುತ್ತಿತ್ತು. ಜನ ಹತ್ತುತ್ತಿದ್ದರು. ಒಬ್ಬ ಎಳೆಯ ತಾಯಿ ಅರ್ಧ ಹತ್ತಿದವಳು ಇಳಿದು ಓಡಿ ಬಂದಳು. ವಿಭೂತಿ, ಕನ್ನಡಕ, ನೆರೆತ ಕೂದಲು ನೋಡಿ ಮೇಡಂ ಅವರೇ ಹಾಸ್ಟೆಲಿನ ದೊಡ್ಡವರು ಎಂದುಕೊಂಡಿರಬೇಕು. ಮಗಳನ್ನು ಅವರ ಮುಂದೆ ತಂದು ನಿಲ್ಲಿಸಿ, “ಅಮ್ಮಾ, ಇವಳು ಯಾವತ್ತೂ ನನ್ನ ಬಿಟ್ಟು ಇದ್ದೋಳಲ್ಲ. ಚೆಂದಾಗಿ ಇರ್ತಾಳಾ?” ಎಂದಳು.

ಮೇಡಂ ಏನು ಹೇಳುತ್ತಾರೆಂದು ನಾನು ಕುತೂಹಲದಿಂದ ನೋಡಿದೆ. ಬದುಕಿನಲ್ಲಿ ‘ಇರಬಹುದು’, ‘ಸುಮಾರು’, ‘ಇಲ್ಲಿಂದ ಇಲ್ಲಿಗಂಟ’ ಎನ್ನದೆ ಯಾವುದನ್ನೂ ಹೇಳಿದವರಲ್ಲ.

“ಇರ್ತಾಳೆ ಕಣಮ್ಮ” ಎಂದರು. “ನೀನು ಧೈರ್ಯವಾಗಿ ಹೋಗಿ ಬಾ.”

ಟೆಂಪೋ ಹೋಯಿತು. ಹುಡುಗಿ ಅಳಲಿಲ್ಲ, ಧೂಳನ್ನೇ ನೋಡುತ್ತ ನಿಂತಳು. ನಮ್ಮ ಬಸ್ಸಿನ ಹೊತ್ತಾಗಿತ್ತು. “ಬನ್ನಿ ಮೇಡಂ” ಎಂದು ಕರೆದೆ.

“ನೀನು ಹೋಗು. ನಾನು ನಾಳೆ ಬತ್ತೀನಿ.”

“ಇಲ್ಲಿ ಎಲ್ಲಿ ಮಲಗ್ತೀರಿ ಮೇಡಂ?”

“ಮಕ್ಳು ಮಲಗೋ ಕಡೆ. ಈಗ ತಾನೇ ಆ ಹೆಣ್ಣಿಗೆ ಮಾತು ಕೊಟ್ಟಿದ್ದೀನಿ. ಇವತ್ತೊಂದಿನ ಆದ್ರೂ ಇರಬ್ಯಾಡ್ವಾ?”

ಹಾಗೆಂದು ಸೆರಗು ಸೊಂಟಕ್ಕೆ ಸಿಕ್ಕಿಸಿ, ಹುಡುಗಿಯ ಹಾಸಿಗೆ ಸುತ್ತನ್ನು ಒಂದು ಕೈಯಲ್ಲಿ, ಅವಳ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಒಳಗೆ ನಡೆದರು. “ನಿನ್ನ ಹೆಸರೇನು ಹೇಳು ಮತ್ತೆ?” ಎಂದು ಅವರು ಕೇಳುವುದು, ಹುಡುಗಿ ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ ತನ್ನ ಹೆಸರು ಹೇಳುವುದು ಹೊರಗೆ ನಿಂತಿದ್ದ ನನಗೆ ಕೇಳಿಸಿತು.